ನಾಣೇಘಾಟ್

ಕಲ್ಯಾಣ ಬಂದರನ್ನು ದಖ್ಖನ್ನಿನ ಜುನ್ನರಕ್ಕೆ ಜೋಡಿಸುತ್ತಿದ್ದ ಪ್ರಾಚೀನ ಕಣಿವೆದಾರಿ ಮತ್ತು ಅದರ ನೆತ್ತಿಯಲ್ಲಿರುವ ಶಾತವಾಹನರ ಕಾಲದ ಗುಹೆ. ಬುಡ ಠಾಣೆ ಜಿಲ್ಲೆಯ ಮುರಬಾಡ ತಾಲ್ಲೂಕಿನಲ್ಲಿ, ನೆತ್ತಿ ಪುಣೆ ಜಿಲ್ಲೆಯಲ್ಲಿ.

ಸಹ್ಯಾದ್ರಿಯ ಕಡಿದಾದ ಏರು ಹತ್ತಿ ಬಂದ ವರ್ತಕರಿಗೆ ಇಲ್ಲಿ ನೆರಳೂ ನೀರೂ ಸಿಗುತ್ತಿದ್ದವು. ಗುಹೆಯೊಳಗೆ ಗೋಡೆಗುಂಟ ಬಂಡೆಯಲ್ಲೇ ಕಡೆದ ಜಗಲಿಗಳಿವೆ. ದಾರಿಯಂಚಿನಲ್ಲಿ ನೀರಿನ ತೊಟ್ಟಿಗಳನ್ನು ಕೊರೆಯಲಾಗಿದೆ. ಮೇಲ್ತುದಿಯಲ್ಲಿ ದೊಡ್ಡ ಕಲ್ಲಿನ ಹಂಡೆಯೊಂದಿದೆ. ಸುಂಕದ ನಾಣ್ಯಗಳನ್ನು ಅದರಲ್ಲಿ ಹಾಕುತ್ತಿದ್ದರೆಂಬುದು ಸ್ಥಳೀಯರ ಮಾತು.

ಆದರೆ ಇದು ಬರೀ ತಂಗುದಾಣವಲ್ಲ, ರಾಜಮನೆತನದ ಘೋಷಣಾ ಫಲಕವೂ ಹೌದು. ಗೋಡೆಗಳ ಮೇಲೆ ಶಾತವಾಹನ ರಾಣಿ ನಾಗನಿಕೆಯ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವಿದೆ. ಅಶ್ವಮೇಧವೂ ಸೇರಿದಂತೆ ಯಜ್ಞಗಳಲ್ಲಿ ದಕ್ಷಿಣೆಯಾಗಿ ಕೊಟ್ಟ ಹಸು, ಆನೆ, ಕುದುರೆ, ಕಾರ್ಷಾಪಣ ನಾಣ್ಯಗಳ ಲೆಕ್ಕವನ್ನು ಅದು ಅಂಕಿಗಳಲ್ಲೇ ನಮೂದಿಸುತ್ತದೆ. ಭಾರತೀಯ ಅಂಕಿಗಳ ಇತಿಹಾಸಕ್ಕೆ ಇದು ಮುಖ್ಯ ಆಕರ. ಹಿಂಗೋಡೆಯಲ್ಲಿದ್ದ ರಾಜಪರಿವಾರದ ಉಬ್ಬುಶಿಲ್ಪಗಳು ನಾಶವಾಗಿವೆ. ತಲೆಯ ಮೇಲಿನ ಹೆಸರುಗಳೂ ಪಾದಗಳ ಗುರುತೂ ಉಳಿದಿವೆ.

ಗುಹೆಯ ಕಾಲ ಕ್ರಿ.ಪೂ. 1ನೇ ಶತಮಾನವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1828ರಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಸೈಕ್ಸ್ ಶಾಸನವನ್ನು ಗುರುತಿಸಿದರು.

ಪ್ರಯಾಣಿಕರ ತಂಗುದಾಣಗಳಾಗಿ ಮುಂದೆ ಬಂದ ಮಧ್ಯಯುಗದ ಸರಾಯಿಗಳಲ್ಲಿ ಅಂಗಳದ ಸುತ್ತ ಕೋಣೆಗಳ ಸಾಲು ಇರುತ್ತಿತ್ತು. ಉದಾಹರಣೆಗೆ, ವಿಜಯಪುರದ ಮುಸ್ತಫಾ ಖಾನ್ ಸರಾಯಿ 17ನೇ ಶತಮಾನದ್ದು. ನಾಣೇಘಾಟ್ ಇಂಥ ಸರಾಯಿಗಳಿಗಿಂತ ಬಹಳ ಹಿಂದಿನ ತಂಗುದಾಣದ ಮಾದರಿ. ಇಂದು ವಾಹನಗಳು ಮಾಳಶೇಜ ಘಾಟಿನ ಹೆದ್ದಾರಿ ಹಿಡಿಯುತ್ತವೆ. ಹಳೆಯ ದಾರಿಯಲ್ಲಿ ವೈಶಾಖರೆ ಕಡೆಯಿಂದ ಚಾರಣಿಗರು ಹತ್ತುತ್ತಾರೆ.