ಆರ್ಬಿಟಾ ಪ್ರಯೋಗ
ಸ್ಥಿರ ಎದೆನೋವಿಗೆ ಸ್ಟೆಂಟ್ ಎಷ್ಟು ಉಪಕಾರಿ ಎಂದು ಪರೀಕ್ಷಿಸಿದ ಬ್ರಿಟನ್ನಿನ ಕ್ಲಿನಿಕಲ್ ಪ್ರಯೋಗ. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೃದಯದ ಒಂದೇ ರಕ್ತನಾಳದಲ್ಲಿ ಶೇ 70 ಅಥವಾ ಹೆಚ್ಚು ಅಡಚಣೆ ಇದ್ದವರಷ್ಟೇ ಸೇರಬಹುದಿತ್ತು. ಹೃದಯಾಘಾತದ ತುರ್ತು ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ಆರು ವಾರ ಔಷಧಗಳನ್ನು ಸರಿಹೊಂದಿಸಿದ ಮೇಲೆ 200 ಮಂದಿಯನ್ನು ಚೀಟಿ ಎತ್ತಿದಂತೆ ವಿಂಗಡಿಸಿ, 105 ಜನರಿಗೆ ಸ್ಟೆಂಟ್ ಹಾಕಲಾಯಿತು. ಉಳಿದ 95 ಜನರಿಗೆ ಆದದ್ದು ಬರೀ ತೋರಿಕೆಯ ಚಿಕಿತ್ಸೆ. ಮಂಪರು ಬರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದ್ದರಿಂದ ತಾವು ಯಾವ ಗುಂಪಿನವರೆಂದು ರೋಗಿಗಳಿಗೆ ತಿಳಿಯಲಿಲ್ಲ. ಇದೆಲ್ಲ ಮೊದಲೇ ಗೊತ್ತಿದ್ದೂ ಒಪ್ಪಿದವರ ಧೈರ್ಯ ಸಣ್ಣದಲ್ಲ. ಆರು ವಾರಗಳ ಬಳಿಕ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಗುಂಪುಗಳ ನಡುವೆ ಕಂಡ ವ್ಯತ್ಯಾಸ 16.6 ಸೆಕೆಂಡು, ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಗಣನೀಯವಲ್ಲ. 2023ರಲ್ಲಿ ಪ್ರಕಟವಾದ ಆರ್ಬಿಟಾ-2, ಎದೆನೋವಿನ ಔಷಧ ನಿಲ್ಲಿಸಿದ 301 ರೋಗಿಗಳಲ್ಲಿ ಸ್ಟೆಂಟ್ ನೋವನ್ನು ತಗ್ಗಿಸುತ್ತದೆಂದು ತೋರಿಸಿತು.