ಎದೆ ಹೊಡೆದುಕೊಳ್ಳುವಿಕೆ: ಅರಿವಿನ ಇತಿಹಾಸ

ಎದೆ ಹೊಡೆದುಕೊಳ್ಳುವುದೆಂದರೆ ತನ್ನ ಹೃದಯದ ಬಡಿತ ತನಗೇ ಗೊತ್ತಾಗುವ ಅನುಭವ. ಎದೆ ಢವಢವ ಅಂದಿತು, ಒಂದು ಬಡಿತ ತಪ್ಪಿತು, ಗಂಟಲಲ್ಲಿ ಮಿಡಿಯಿತು ಎಂದು ರೋಗಿಗಳು ಹೇಳುತ್ತಾರೆ. ಇದು ಲಕ್ಷಣವೇ ಹೊರತು ಕಾಯಿಲೆಯಲ್ಲ. ವೈದ್ಯರ ಮುಂದೆ ಕೂರುವ ಹೊತ್ತಿಗೆ ಅದು ಸಾಮಾನ್ಯವಾಗಿ ನಿಂತುಹೋಗಿರುತ್ತದೆ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ಸೇನಾ ಆಸ್ಪತ್ರೆಯೊಂದರಲ್ಲಿದ್ದ ಜೇಕಬ್ ಡಾ ಕೋಸ್ಟಾ, ಎದೆ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ ಎನ್ನುತ್ತಿದ್ದ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಪರೀಕ್ಷಿಸಿ 1871ರಲ್ಲಿ ವರದಿ ಪ್ರಕಟಿಸಿದರು. ಅನೇಕರ ಹೃದಯದಲ್ಲಿ ದೋಷವೇನೂ ಕಾಣದಿದ್ದರೂ ಅವರ ಮಾತನ್ನು ನಂಬಿ ಬರೆದಿಟ್ಟದ್ದು ದೊಡ್ಡ ಕೆಲಸ.

ಇಂಗ್ಲೆಂಡಿನ ಬರ್ನ್ಲಿ ಪಟ್ಟಣದ ಸಾಮಾನ್ಯ ವೈದ್ಯ ಜೇಮ್ಸ್ ಮೆಕೆಂಜಿ ಕತ್ತಿನ ಸಿರೆಯ ಮಿಡಿತವನ್ನೂ ಕೈನಾಡಿಯನ್ನೂ ಒಟ್ಟಿಗೆ ಕಾಗದದ ಮೇಲೆ ಬರೆಯುವ ಯಂತ್ರ ರೂಪಿಸಿದರು. ಒಂದೇ ಊರಿನ ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತಾ ಬಂದದ್ದರಿಂದ, ನಡುವೆ ನುಗ್ಗುವ ಹೆಚ್ಚುವರಿ ಬಡಿತ ಬಹುಮಟ್ಟಿಗೆ ನಿರುಪದ್ರವಿ ಎಂಬುದು ಅವರಿಗೆ ಸ್ಪಷ್ಟವಾಯಿತು. ಅವಧಿಗೆ ಮುಂಚೆ ಬಂದ ಬಡಿತಕ್ಕೆ ಹೃದಯದಲ್ಲಿ ರಕ್ತ ಸಾಲದು, ಅದು ದುರ್ಬಲ. ಅನಂತರದ ಬಿಡುವಿನಲ್ಲಿ ಹೃದಯ ತುಂಬಿಕೊಂಡು ಮುಂದಿನ ಬಡಿತ ಜೋರಾಗಿ ಬೀಳುತ್ತದೆ. ರೋಗಿಯನ್ನು ಬೆಚ್ಚಿಬೀಳಿಸುವುದು ಆ ಜೋರು ಬಡಿತವೇ.

ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂಥೋವನ್, ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಸಿಜಿಗೆ ಖಚಿತ ರೂಪ ಕೊಟ್ಟರು; 1924ರಲ್ಲಿ ನೊಬೆಲ್ ಬಂತು. ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ರೋಗಿ ಎರಡು ಕೈಯನ್ನೂ ಒಂದು ಕಾಲನ್ನೂ ಉಪ್ಪುನೀರಿನಲ್ಲಿ ಇಟ್ಟು ಕೂರಬೇಕಿತ್ತು. ಆದರೆ ಇಸಿಜಿ ಹಿಡಿಯುವುದು ಕೆಲವೇ ಸೆಕೆಂಡುಗಳ ಬಡಿತವನ್ನು. ಈ ಕೊರತೆ ನೀಗಿಸಿದವರು ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್. ಬೆನ್ನ ಮೇಲೆ ಹೊರಬೇಕಿದ್ದ ಅವರ ಮೊದಲ ಉಪಕರಣ ಸುಮಾರು 38 ಕಿಲೋ ಇತ್ತು. ಇಂದು ಅದೇ ಹೆಸರಿನ ಪುಟ್ಟ ಪೆಟ್ಟಿಗೆ ಸೊಂಟಕ್ಕೆ ಕಟ್ಟಿಕೊಂಡು ಜನ 24 ಗಂಟೆ ಓಡಾಡುತ್ತಾರೆ.

ಕಾಫಿ, ಸಿಗರೇಟು, ನಿದ್ದೆಗೇಡು, ಗಾಬರಿ, ಜ್ವರ ಇವೆಲ್ಲ ಎದೆ ಹೊಡೆದುಕೊಳ್ಳಲು ಸಾಮಾನ್ಯ ಕಾರಣಗಳು. ರಕ್ತಹೀನತೆ, ಥೈರಾಯ್ಡ್ ಸಮಸ್ಯೆಯೂ ಇರಬಹುದಾದ್ದರಿಂದ ಪದೇ ಪದೇ ಆದರೆ ರಕ್ತಪರೀಕ್ಷೆ ಬೇಕು. ಓಡುವಾಗ, ಭಾರ ಎತ್ತುವಾಗ ಶುರುವಾದರೆ, ಮೊದಲೇ ಹೃದ್ರೋಗವಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಜೊತೆಗೆ ಎದೆನೋವು, ಉಸಿರುಕಟ್ಟುವಿಕೆ, ಪ್ರಜ್ಞೆ ತಪ್ಪುವುದು ಇದ್ದರೆ ಕಾಯುವಂತೆಯೇ ಇಲ್ಲ, 108ಕ್ಕೆ ಕರೆ ಮಾಡಬೇಕು. ಇಷ್ಟೆಲ್ಲ ಯಂತ್ರ ಬಂದರೂ ಅನುಭವಿ ವೈದ್ಯರು, ಬಡಿತ ಹೇಗಿತ್ತೆಂದು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಲು ರೋಗಿಗೆ ಹೇಳುವುದುಂಟು. ಅದು ತಟ್ಟನೆ ಶುರುವಾಯಿತೋ ಮೆಲ್ಲಗೆ ಏರಿತೋ, ಎಷ್ಟು ಹೊತ್ತಿತ್ತು, ನಿಮಿಷಕ್ಕೆ ನಾಡಿ ಎಷ್ಟಿತ್ತು ಎಂದು ಗುರುತು ಹಾಕಿಕೊಂಡು ಹೋದರೆ ಅರ್ಧ ತಪಾಸಣೆ ಆದಂತೆಯೇ.