ಸಾಕುಹಕ್ಕಿಗಳಿಗೆ ಉಪ್ಪುಕಂಡ ಕೊಡಬಹುದೇ?

ಉಪ್ಪುಕಂಡ ಎಂದರೆ

ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಬೆಳ್ಳುಳ್ಳಿ, ಖಾರ ಸವರಿ, ದಾರಕ್ಕೆ ಪೋಣಿಸಿ ಬಿಸಿಲಲ್ಲಿ ಒಣಗಿಸಿದ್ದೇ ಉಪ್ಪುಕಂಡ. ಕೊಳ್ಳೇಗಾಲ, ಹನೂರು, ಯಳಂದೂರು ಸೇರಿದಂತೆ ಹಳೆ ಮೈಸೂರು ಸೀಮೆಯ ಮಾಂಸಾಹಾರಿ ಮನೆಗಳಿಗೆ ಇದು ಹೊಸತಲ್ಲ. ಉಪ್ಪು ಮತ್ತು ಬಿಸಿಲು ಮಾಂಸದ ನೀರನ್ನು ತೆಗೆಯುವುದರಿಂದ ಕೊಳೆಸುವ ಸೂಕ್ಷ್ಮಾಣುಗಳ ಬೆಳವಣಿಗೆ ತಗ್ಗುತ್ತದೆ. ಮಾಂಸವನ್ನು ಕಾಯುವ ಆ ಉಪ್ಪೇ ಪುಟ್ಟ ಹಕ್ಕಿಗೆ ಕುತ್ತು.

ಹಕ್ಕಿಯ ದೇಹದಲ್ಲಿ ಆಗುವುದೇನು

ಪಂಜರದಲ್ಲಿ ಸಾಕುವ ಬಜರಿಗರ್ ಎಂಬ ಪುಟ್ಟ ಗಿಳಿಯ ತೂಕ ಸುಮಾರು 35 ಗ್ರಾಂ. ಅದು 1 ಗ್ರಾಂ ಉಪ್ಪುಕಂಡ ತಿಂದರೆ, 60 ಕಿಲೋ ತೂಕದ ಮನುಷ್ಯ ಒಂದೂವರೆ ಕಿಲೋಗಿಂತ ಹೆಚ್ಚು ತಿಂದ ಲೆಕ್ಕ. ಕೆಲವು ಕಡಲಹಕ್ಕಿಗಳಿಗೆ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಗ್ರಂಥಿಗಳು ತಲೆಯಲ್ಲಿವೆ. ಗಿಳಿ ಜಾತಿಯ ಸಾಕುಹಕ್ಕಿಗಳಿಗೆ ಆ ಸೌಲಭ್ಯವಿಲ್ಲ, ಹೊರೆಯೆಲ್ಲ ಮೂತ್ರಪಿಂಡದ ಮೇಲೆ ಬೀಳುತ್ತದೆ. ವಿಪರೀತ ಬಾಯಾರಿಕೆ, ನೀರಾದ ಹಿಕ್ಕೆ, ನಿಶ್ಶಕ್ತಿ, ನಡುಕ ಇವು ಉಪ್ಪಿನ ವಿಷಬಾಧೆಯ ಲಕ್ಷಣಗಳು.

ಬೆಳ್ಳುಳ್ಳಿ ಹಕ್ಕಿಯ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಖಾರದ ಉರಿ ಹಕ್ಕಿಗಳಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಖಾರವಿದೆ, ತಿನ್ನಲಾರದು ಎಂದು ನಂಬಿ ಕೂರುವಂತಿಲ್ಲ. ಸರಿಯಾಗಿ ಒಣಗದ ಕಂಡದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿಯಬಹುದು, ಬೂಷ್ಟೂ ಹಿಡಿಯಬಹುದು. ನಾಯಿಗಳಿಗೆಂದು ಪೊಟ್ಟಣಗಳಲ್ಲಿ ಬರುವ ಒಣಮಾಂಸದ ತಿನಿಸನ್ನೂ ಹಕ್ಕಿಗೆ ಹಾಕಬಾರದು.

ಯಾವ ಹಕ್ಕಿಗೆ ಯಾವ ಆಹಾರ

ನಾಟಿಕೋಳಿ ಹುಳುಹುಪ್ಪಟೆ ಹೆಕ್ಕಿ ತಿನ್ನುವ ಸರ್ವಭಕ್ಷಕ. ಉಪ್ಪು, ಮಸಾಲೆ ಸೋಕದ ಬೇಯಿಸಿದ ಮಾಂಸದ ಚೂರು ಅದಕ್ಕೆ ಒಗ್ಗುತ್ತದೆ, ಉಪ್ಪುಕಂಡ ಒಗ್ಗದು. ಮಾಳಿಗೆಯಲ್ಲಿ ಕಂಡ ಒಣಹಾಕುವವರು ಕೋಳಿಗೆ ಎಟುಕದಷ್ಟು ಎತ್ತರಕ್ಕೆ ದಾರ ಕಟ್ಟಬೇಕು. ಪಾರಿವಾಳ ಕಾಳು ತಿನ್ನುವ ಹಕ್ಕಿ. ಅದಕ್ಕೆ ಮಾಂಸವೇ ಬೇಡ.

ಬಜರಿಗರ್, ಕಾಕಟೀಲ್‌ನಂಥ ಗಿಳಿ ಜಾತಿಯ ಹಕ್ಕಿಗಳಿಗೆ ನವಣೆ, ಸಜ್ಜೆ, ರಾಗಿಯ ಜೊತೆ ನುಗ್ಗೆಸೊಪ್ಪು ಹಿತ. ಬರೀ ಕಾಳು ಸಾಲದು. ಸೊಪ್ಪು, ತರಕಾರಿ ನಿತ್ಯ ಇರಬೇಕು. ಪ್ರೋಟೀನಿಗಾಗಿ ಬೇಯಿಸಿದ ಮೊಟ್ಟೆಯ ಸಣ್ಣ ಚೂರನ್ನು ಆಗೀಗ ಕೊಟ್ಟರೆ ಸಾಕು.



ಆಕಸ್ಮಿಕವಾಗಿ ತಿಂದರೆ

ಉಳಿದ ತುಣುಕನ್ನು ತೆಗೆದು, ಶುದ್ಧ ನೀರನ್ನು ಹಕ್ಕಿಯ ಮುಂದಿಡಬೇಕು. ಬಲವಂತವಾಗಿ ಕುಡಿಸಿದರೆ ನೀರು ಶ್ವಾಸನಾಳಕ್ಕೆ ನುಗ್ಗಬಹುದು. ಹಕ್ಕಿ ಮಂಕಾದರೆ ಅಥವಾ ನಡುಗಿದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ತಿಂದ ತುಣುಕಿನಲ್ಲಿ ಮಿಕ್ಕಿದ್ದನ್ನೂ ವೈದ್ಯರಿಗೆ ತೋರಿಸಿ.